ಸೊನ್ನೆಗೆ ಸೊನ್ನೆ ಸಮ

ತಕ್ಕಡಿಯ ಹೊಟ್ಟೆಯ ಕೆಳಗೆ ಹೇರ್ ಡ್ರೈಯರಿನ ಮೂತಿ ಹಿಡಿದು ಪುಟ್ಟಿ ತುದಿಗಾಲಲ್ಲಿ ಕೂತಿದ್ದಳು. ತಟ್ಟೆಯ ಮೇಲೆ ಎರಡು ಕಿಲೋದ ಹಿತ್ತಾಳೆ ಗುಂಡು. ಪರದೆಯ ಮೇಲೆ ಎರಡು ಸಾವಿರ ಗ್ರಾಂ. ಬಿಸಿ ಗಾಳಿ ಬುಸುಗುಡುತ್ತಲೇ ಇತ್ತು, ಅಂಕಿ ಕದಲಲಿಲ್ಲ. ಬೆರಳು ಸುಡತೊಡಗಿದಾಗ ಕೈ ಬದಲಿಸಿಕೊಂಡಳು. ಅಷ್ಟರಲ್ಲಿ ಪರದೆ ಒಮ್ಮೆ ಮಿಟುಕಿತು. ಎರಡು ಸಾವಿರದ ಎಂಟು.

"ಏನಮ್ಮಾ ಇದು, ಮೆಷಿನ್ನಿಗೆ ತಲೆಸ್ನಾನ ಆಯ್ತಾ?"

ಬಾಗಿಲಲ್ಲಿ ಪರೀಕ್ಷಕ ನಿಂತಿದ್ದ. ಕೈಯಲ್ಲಿ ಊಟದ ಡಬ್ಬಿ, ಮುಖ ಗಂಟು. ಹುಟ್ಟಿದಾಗ ಇಟ್ಟ ಹೆಸರು ಅವನಿಗೂ ಒಂದಿತ್ತು, ಆದರೆ ಕಾರ್ಖಾನೆಯಲ್ಲಿ ಎಲ್ಲರಿಗೂ ಅವನು ಇಪ್ಪತ್ತೈದಣ್ಣ. ಈ ಕೋಣೆಯನ್ನು ಹದಿನಾರು ವರ್ಷಗಳಿಂದ ಇಪ್ಪತ್ತೈದು ಡಿಗ್ರಿಯಿಂದ ಆಚೀಚೆ ಅಲುಗಲು ಬಿಡದವನು. ಬಾಗಿಲು ಎರಡು ಸಲ ತೆರೆದರೆ ಗದರುತ್ತಿದ್ದ. ಒಟ್ಟಿಗೆ ನಾಲ್ಕು ಜನ ಒಳಗೆ ಬಂದರೆ ಒಬ್ಬರನ್ನು ಹೊರಗೆ ಕಳಿಸುತ್ತಿದ್ದ, ಮನುಷ್ಯರ ಮೈಯೂ ಒಂದು ಒಲೆಯೇ ಎಂದು. ಅಂಥವನ ಕೋಣೆಯಲ್ಲಿ ಹೇರ್ ಡ್ರೈಯರ್.

"ಒಂದೇ ನಿಮಿಷ ಅಣ್ಣ."

"ಇಲ್ಲಿ ಒಂದು ನಿಮಿಷಾನೂ ಇಲ್ಲ, ಅರ್ಧ ಡಿಗ್ರೀನೂ ಇಲ್ಲ. ಮೊದ್ಲು ಅದನ್ನ ಆರಿಸು."

ಅವಳು ಆರಿಸಲಿಲ್ಲ. ತಕ್ಕಡಿಯ ಒಳಗಿನ ಉಷ್ಣತೆ ತೋರಿಸುವ ಗುಂಡಿ ಒತ್ತಿದಳು. ಇಪ್ಪತ್ತಾರು. ಇನ್ನೊಂದಿಷ್ಟು ಗಾಳಿ ಊದಿದಳು. ಇಪ್ಪತ್ತೇಳಕ್ಕೆ ಎರಡು ಸಾವಿರದ ಹದಿಮೂರು. ಇಪ್ಪತ್ತೆಂಟಕ್ಕೆ ಎರಡು ಸಾವಿರದ ಇಪ್ಪತ್ತು. ಹಿತ್ತಾಳೆ ಗುಂಡು ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ಕೂತಿತ್ತು. ಇಪ್ಪತ್ತೈದಣ್ಣ ಡಬ್ಬಿಯನ್ನು ಕೆಳಗಿಟ್ಟ. ಬಗ್ಗಿ ನೋಡಿದ. ಕನ್ನಡಕ ತೆಗೆದು ಅಂಗಿಗೆ ಒರೆಸಿ ಮತ್ತೆ ನೋಡಿದ. ಆಮೇಲೆ, ಬಿಸಿ ಊದಿದರೆ ಯಾವ ತಕ್ಕಡಿಗೆ ತಲೆ ಕೆಡುವುದಿಲ್ಲ ಎಂದು ಗೊಣಗಿದ. ಆದರೆ ಆ ಗೊಣಗಾಟದಲ್ಲಿ ಮೊದಲಿನ ಗತ್ತು ಇರಲಿಲ್ಲ. ಈ ತಕ್ಕಡಿ ಹದಿನೈದರಿಂದ ನಲವತ್ತು ಡಿಗ್ರಿಯವರೆಗೆ ಒಂದೇ ತೂಕ ಹೇಳಬೇಕು ಎಂದು ಡಬ್ಬದ ಮೇಲೆಯೇ ಅಚ್ಚಾಗಿತ್ತು.

ಕೆಳಗಿನ ಅಂಗಳದಲ್ಲಿ ಅಂಥ ನಲವತ್ತು ಡಬ್ಬಗಳು ಟೇಪು ಅಂಟಿಸಿಕೊಂಡು ವ್ಯಾನಿಗೆ ಕಾಯುತ್ತಿದ್ದವು. ವ್ಯಾನ್ ನಾಲ್ಕಕ್ಕೆ. ಈಗ ಒಂದೂವರೆ.

ಎಲ್ಲ ಶುರುವಾದದ್ದು ಬೆಳಿಗ್ಗೆ ಆಸ್ಪತ್ರೆಯಲ್ಲಿ. ಪುಟ್ಟಿಯ ತಂಗಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಕೂಸಿಗೆ ಇಪ್ಪತ್ತೆರಡು ದಿನ, ತೂಕ ಎರಡು ಕಿಲೋಕ್ಕೂ ಕಡಿಮೆ. ಆ ವಾರ್ಡಿನಲ್ಲಿ ಇವರ ಕಾರ್ಖಾನೆಯದೇ ಆರು ತಕ್ಕಡಿ ಮೂರು ವಾರದಿಂದ ಪರೀಕ್ಷೆಗೆಂದು ಕೂತಿದ್ದವು. ಹಾಲೂಡುವ ಮುಂಚೆ ಕೂಸನ್ನು ತೂಗುವುದು, ಊಡಿಸಿದ ಮೇಲೆ ಮತ್ತೆ ತೂಗುವುದು. ಎರಡರ ನಡುವಿನ ವ್ಯತ್ಯಾಸವೇ ಕುಡಿದ ಹಾಲು. ಸಾಕಷ್ಟು ಕುಡಿದಿದ್ದರೆ ಸರಿ, ಇಲ್ಲದಿದ್ದರೆ ನರ್ಸಮ್ಮ ಚಮಚದಲ್ಲಿ ಮೇಲು ಹಾಲು ಕೊಡುತ್ತಿದ್ದಳು. ತಕ್ಕಡಿ ಬಂದಂದಿನಿಂದ ಚಮಚಕ್ಕೆ ಕೆಲಸ ಕಡಿಮೆಯಾಗಿತ್ತು. ಕೂಸುಗಳೆಲ್ಲ ಚೆನ್ನಾಗಿ ಕುಡಿಯುತ್ತಿದ್ದವು. ಹಾಗಂತ ತಕ್ಕಡಿ ಹೇಳುತ್ತಿತ್ತು.

ತಂಗಿ ಮಾತ್ರ ನಂಬಿರಲಿಲ್ಲ. ಬೆಳಗಿನ ತೂಕ ಏರುವುದೇ ಇಲ್ಲವಲ್ಲ ಎಂದು ಅವಳ ತಕರಾರು. ಕೆಲವು ಮಕ್ಕಳು ನಿಧಾನ ಎಂದು ಡಾಕ್ಟರು ಸಮಾಧಾನ ಹೇಳಿದ್ದರು. ಇವತ್ತು ಒಂಬತ್ತರ ಹಾಲಿಗೆ ಕೂಸು ಎದ್ದೇ ಇರಲಿಲ್ಲ. ಎದೆಗೆ ಹಚ್ಚಿದರೆ ಬಾಯಿ ತೆರೆಯಲೂ ಇಲ್ಲ, ಅರ್ಧ ಗಂಟೆ ಮಡಿಲಲ್ಲಿ ಹಾಗೇ ನಿದ್ದೆ ಹೊಡೆಯಿತು. ಪುಟ್ಟಿ ಪಕ್ಕದ ಸ್ಟೂಲಿನ ಮೇಲೆ ಕೂತು ಕಣ್ಣಾರೆ ನೋಡಿದ್ದಳು. ನರ್ಸಮ್ಮ ಬಂದು ತೂಗಿದಾಗ ಇಪ್ಪತ್ತು ಗ್ರಾಂ ಜಾಸ್ತಿ. ಚಾರ್ಟಿನಲ್ಲಿ ಇಪ್ಪತ್ತು ಎಂದು ಬರೆದು, ಜಾಣಮರಿ ಎಂದು ಕೂಸಿನ ಕೆನ್ನೆ ತಟ್ಟಿ ಹೋದಳು.

ತಂಗಿ ಅಕ್ಕನ ಕಡೆ ತಿರುಗಿ, ದನಿ ಏರಿಸದೆ ಕೇಳಿದಳು: "ಗಾಳಿ ಕುಡಿದು ತೂಕ ಬಂತಾ, ಅಕ್ಕಾ?"

ಆ ಮಾತು ಬಸ್ಸಿನಲ್ಲೂ ಜೊತೆಗೆ ಬಂತು, ಮೆಟ್ಟಿಲ ಮೇಲೂ ಬಂತು. ತಕ್ಕಡಿಗಳು ತಣ್ಣನೆಯ ಕಾರಿಡಾರಿನಲ್ಲಿ ಇರುತ್ತವೆ. ತೂಗುವಾಗ ಗಾಲಿ ಮೇಜಿನ ಮೇಲೆ ಕೂಸುಗಳ ಬೆಚ್ಚನೆ ಕೋಣೆಗೆ ತಳ್ಳಿಕೊಂಡು ಬರುತ್ತಾರೆ. ಅರ್ಧ ಗಂಟೆಯಲ್ಲಿ ಅವೂ ಬೆಚ್ಚಗಾಗುತ್ತವೆ. ಇಷ್ಟು ಹೊಳೆದದ್ದೇ ಅವಳು ದಾರಿಯಲ್ಲಿದ್ದ ಕ್ಷೌರದಂಗಡಿಗೆ ನುಗ್ಗಿ ಹೇರ್ ಡ್ರೈಯರ್ ಎರವಲು ಕೇಳಿದ್ದಳು. ಅಂಗಡಿಯವನು ಅವಳ ತಲೆ ನೋಡಿದ, ಒದ್ದೆಯಿರಲಿಲ್ಲ. ಕೊಟ್ಟ.

ಈಗ ಅವಳು ತನ್ನ ಮೇಜಿನ ಮುಂದೆ ಕೂತು ಉಗುರು ಕಚ್ಚುತ್ತಿದ್ದಳು. ಮೂವತ್ತೊಂದಾದರೂ ಹೋಗದ ಚಾಳಿ. ಕಾರ್ಖಾನೆ ಅವಳ ಸೋದರಮಾವನದು; ಅವನು ಪುಟ್ಟಿ ಅನ್ನುವುದರಿಂದ ಬೇರೆಯವರೂ ಹಾಗೇ ಅನ್ನುತ್ತಿದ್ದರು. ತಕ್ಕಡಿಯೊಳಗೆ ಓಡುವ ಪ್ರೋಗ್ರಾಮೆಲ್ಲ ಅವಳದೇ ಕೈಬರಹ. ಎಂಟು ಜನರ ಕಾರ್ಖಾನೆಯಲ್ಲಿ ಆ ಕೆಲಸಕ್ಕೆ ಎರಡನೆಯವರಿಲ್ಲ, ತಪ್ಪು ಹಂಚಿಕೊಳ್ಳಲೂ ಎರಡನೆಯವರಿಲ್ಲ.

ಬಿಸಿಗೆ ಲೋಹ ಚೂರು ಹಿಗ್ಗುತ್ತದೆ, ತೂಕ ಚೂರು ತಪ್ಪುತ್ತದೆ. ಅದಕ್ಕೊಂದು ತಿದ್ದುಪಡಿ ಪಟ್ಟಿ ಇತ್ತು. ಪ್ರತಿ ತಕ್ಕಡಿಯನ್ನೂ ಒಂದು ಬಿಸಿ ಪೆಟ್ಟಿಗೆಯಲ್ಲಿಟ್ಟರೆ, ಯಾವ ಡಿಗ್ರಿಗೆ ಎಷ್ಟು ಸೇರಿಸಬೇಕು ಎಂಬುದನ್ನು ಆ ಪೆಟ್ಟಿಗೆಯೇ ತಕ್ಕಡಿಯ ನೆನಪಿನ ಚಿಪ್ಪಿಗೆ ಬರೆಯುತ್ತಿತ್ತು. ಗ್ರಾಮಿನ ನೂರನೇ ಪಾಲಿನ ಲೆಕ್ಕದಲ್ಲಿ. ಇಪ್ಪತ್ತೈದಕ್ಕೆ ಸೊನ್ನೆ, ಇಪ್ಪತ್ತೆಂಟಕ್ಕೆ ಎಂಟು. ಅಂದರೆ ಗ್ರಾಮಿನ ಹತ್ತನೇ ಒಂದು ಪಾಲೂ ಇಲ್ಲ. ಪರದೆಯಲ್ಲಿ ಇಡೀ ಗ್ರಾಂ ಮಾತ್ರ ಕಾಣುವಾಗ ಇದೆಲ್ಲ ಯಾಕೆ ಎಂದು ಅವಳು ಹಿಂದೆ ಕೇಳಿದ್ದುಂಟು. ಕಾಣದಿದ್ದರೂ ಸರಿ ಇರಬೇಕು ಎಂದು ಮಾವ ಹಟ ಹಿಡಿದಿದ್ದ.

ಪರದೆಯಲ್ಲಿ ಏರಿದ್ದು ಇಪ್ಪತ್ತು ಗ್ರಾಂ, ಅಂದರೆ ಎರಡು ಸಾವಿರ ನೂರನೇ ಪಾಲು. ಎಂಟು ಹೇಗೆ ಎರಡು ಸಾವಿರ ಆಯಿತು? ಎರಡು ಸಾವಿರದ ನಲವತ್ತೆಂಟು ನೂರನೇ ಪಾಲು ಎಂದರೆ ಇಪ್ಪತ್ತು ಗ್ರಾಂ ಚಿಲ್ಲರೆ. ಎಂಟನ್ನು ಇನ್ನೂರ ಐವತ್ತಾರರಿಂದ ಗುಣಿಸಿದರೆ ಎರಡು ಸಾವಿರದ ನಲವತ್ತೆಂಟು. ಗುಣಾಕಾರ ಮುಗಿಯುವ ಮೊದಲೇ ಅವಳಿಗೆ ಗೊತ್ತಾಗಿ ಹೋಯಿತು.

ಹದಿನೇಳು ಎಂದು ಅಂಕಿಯಲ್ಲಿ ಬರೆಯುವಾಗ ನಾವು ಒಂದನ್ನು ಮೊದಲು ಇಡುತ್ತೇವೆ, ಏಳನ್ನು ಆಮೇಲೆ. ಏಳನ್ನು ಮೊದಲು ಇಡುವ ಊರೊಂದಿದ್ದರೆ ನಮ್ಮ ಹದಿನೇಳು ಅಲ್ಲಿ ಎಪ್ಪತ್ತೊಂದಾಗುತ್ತದೆ. ಪ್ರೊಸೆಸರುಗಳಲ್ಲೂ ಇಂಥ ಎರಡು ಊರಿನವು ಇವೆ. ದೊಡ್ಡ ಸಂಖ್ಯೆಯನ್ನು ಬೈಟು ಎಂಬ ತುಂಡುಗಳಾಗಿ ಒಡೆದು ಜೋಡಿಸುವಾಗ ಕೆಲವು ದೊಡ್ಡ ತುದಿಯನ್ನು ಮುಂದಿಡುತ್ತವೆ, ಕೆಲವು ಸಣ್ಣ ತುದಿಯನ್ನು. ತುದಿ ತಪ್ಪಿ ಓದಿದರೆ ಸಣ್ಣ ಸಂಖ್ಯೆಯೊಂದು ಇನ್ನೂರ ಐವತ್ತಾರು ಪಟ್ಟು ಹಿಗ್ಗುತ್ತದೆ. ಬಿಸಿ ಪೆಟ್ಟಿಗೆ ಬರೆಯುವುದು ಸಣ್ಣ ತುದಿ ಮುಂದಾಗಿ. ತಕ್ಕಡಿಯ ಪ್ರೊಸೆಸರ್ ಚಿಪ್ಪು ಅದೇ ಊರಿನದಾದರೆ ಹಾಗೇ ಓದಿಕೊಂಡರಾಯಿತು, ಬೇರೆ ಊರಿನದಾದರೆ ಅದಲು ಬದಲು ಮಾಡಿ ಓದಬೇಕು. ಪ್ರೋಗ್ರಾಂ ತಯಾರಾಗುವ ಹೊತ್ತಿಗೇ, ಅದು ಇನ್ನೂ ಒಂದು ಸಲವೂ ಓಡುವ ಮುನ್ನ, ಇದು ಯಾವ ಪ್ರೊಸೆಸರು, ಯಾವ ತುದಿ ಮುಂದಿಡುವುದು ಎಂದು ಕಂಪೈಲರನ್ನು, ಅಂದರೆ ಬರೆದದ್ದನ್ನು ಚಿಪ್ಪಿನ ಭಾಷೆಗೆ ಇಳಿಸುವ ತಂತ್ರಾಂಶವನ್ನು, ಕೇಳಿ ದಾರಿ ಆರಿಸುವ ಒಂದು ಹೆಡರ್ ಫೈಲನ್ನು ಪುಟ್ಟಿ ಏಳು ವರ್ಷದ ಹಿಂದೆ ಬರೆದಿದ್ದಳು. ಕೆಲಸಕ್ಕೆ ಸೇರಿದ ಮೊದಲ ವರ್ಷ. ಅದರ ಬಗ್ಗೆ ಅವಳಿಗೆ ಒಳಗೊಳಗೇ ಜಂಬವಿತ್ತು. ಕೊನೆಯ ಸಾಲಂತೂ ಅವಳಿಗೆ ಬಾಯಿಪಾಠ. ಯಾವ ಉತ್ತರವೂ ಸಿಗದಿದ್ದರೆ ಕಂಪೈಲರು ಕೆಲಸ ನಿಲ್ಲಿಸಿ, 'ಈ ಪ್ರೊಸೆಸರ್ ಯಾರೆಂದು ಗೊತ್ತಿಲ್ಲ, ಊಹೆ ಮಾಡಲಾರೆ' ಎಂದು ಹೇಳಬೇಕು. ಹೊಸದಾಗಿ ಬಂದವರಿಗೆಲ್ಲ ಅವಳು ಆ ಸಾಲನ್ನು ತೋರಿಸಿ ಪಾಠ ಮಾಡುತ್ತಿದ್ದಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕು, ಅಷ್ಟೆ.

ನಾಲ್ಕು ತಿಂಗಳ ಹಿಂದೆ ಹಳೆಯ ಪ್ರೊಸೆಸರ್ ಚಿಪ್ಪು ಸಿಗುವುದು ನಿಂತಿತು. ಹೊಸ ಚಿಪ್ಪು ಬಂತು, ಅದರ ಜೊತೆ ಹೊಸ ಕಂಪೈಲರು. ಪುಟ್ಟಿಯ ಪ್ರೋಗ್ರಾಂ ಒಂದು ಎಚ್ಚರಿಕೆಯೂ ಇಲ್ಲದೆ ಮೊದಲ ಸಲಕ್ಕೇ ತಯಾರಾಯಿತು. ಅವತ್ತು ಅವಳು ಎಲ್ಲರಿಗೂ ಚಹಾ ಹೇಳಿದ್ದಳು.

ಈಗ ಆ ಫೈಲಿನಲ್ಲಿ ಹೋಲಿಕೆ ಮಾಡುವ ಸಾಲನ್ನು ಓದಿದಳು. ಬೈಟುಗಳ ಕ್ರಮ, ದೊಡ್ಡ ತುದಿ ಮೊದಲು ಎಂಬ ಕ್ರಮಕ್ಕೆ ಸಮವಾಗಿದ್ದರೆ ಅದಲು ಬದಲು ಮಾಡು. ಎಡಗಡೆ ಒಂದು ಹೆಸರು, ಬಲಗಡೆ ಒಂದು ಹೆಸರು, ನಡುವೆ ಸಮ. ಹಳೆಯ ಕಂಪೈಲರಿಗೆ ಆ ಎರಡು ಹೆಸರುಗಳೂ ಗೊತ್ತಿದ್ದವು. ಹೊಸದು ಅವೇ ಸಂಗತಿಗಳನ್ನು ಬೇರೆ ಹೆಸರಿನಿಂದ ಕರೆಯುತ್ತಿತ್ತು. ಇವೆರಡನ್ನು ಅದು ಕೇಳಿಯೇ ಇರಲಿಲ್ಲ. ಕೇಳಿರದ ಹೆಸರು ಇಂಥ ಕಡೆ ಎದುರಾದರೆ ಕಂಪೈಲರು ಅದನ್ನು ಸೊನ್ನೆ ಎಂದು ಎಣಿಸುತ್ತದೆ. ತಕರಾರು ಮಾಡುವುದಿಲ್ಲ, ಹಾಗೆಂದು ನಿಯಮ. ಎಡಗಡೆಯದು ಸೊನ್ನೆ. ಬಲಗಡೆಯದು ಸೊನ್ನೆ. ಸೊನ್ನೆಗೆ ಸೊನ್ನೆ ಸಮ. ಆದ್ದರಿಂದ ಇದು ದೊಡ್ಡ ತುದಿ ಮುಂದಿಡುವ ಪ್ರೊಸೆಸರು, ಅದಲು ಬದಲು ಮಾಡು. ನಿಜಕ್ಕೆ ಹೊಸ ಚಿಪ್ಪು ಬಿಸಿ ಪೆಟ್ಟಿಗೆಯ ಊರಿನದೇ, ಸಣ್ಣ ತುದಿ ಮುಂದಿಡುವುದು.

ಅವಳ ಬಾಯಿಪಾಠದ ಸಾಲಿನವರೆಗೆ ಕಂಪೈಲರು ಬಂದೇ ಇರಲಿಲ್ಲ.

ಬಿಸಿ ಪೆಟ್ಟಿಗೆಯ ಪಟ್ಟಿಯೊಂದೇ ಹೊರಗಿನಿಂದ ಬರುವ ಅಂಕಿ. ಬೇರೆಲ್ಲ ಲೆಕ್ಕವೂ ಚಿಪ್ಪಿನ ಒಳಗೇ ಹುಟ್ಟಿ ಒಳಗೇ ಮುಗಿಯುತ್ತಿದ್ದರಿಂದ ಅಲ್ಲಿ ತೊಂದರೆ ಇರಲಿಲ್ಲ. ಇನ್ನು ಇಪ್ಪತ್ತೈದಣ್ಣನ ಕೋಣೆ. ಇಪ್ಪತ್ತೈದಕ್ಕೆ ತಿದ್ದುಪಡಿ ಸೊನ್ನೆ. ಸೊನ್ನೆಯನ್ನು ಯಾವ ತುದಿಯಿಂದ ಓದಿದರೂ ಸೊನ್ನೆ. ಅವನ ಶಿಸ್ತು ಒಂದರ್ಧ ಡಿಗ್ರಿ ಸಡಿಲವಾಗಿದ್ದರೂ ಮೊದಲ ವಾರವೇ ಸಿಕ್ಕಿಬೀಳುತ್ತಿತ್ತು. ಪಟ್ಟಿ ಬರೆದಾದ ಮೇಲೆ ತಕ್ಕಡಿಯನ್ನು ಮತ್ತೆ ಬಿಸಿ ಮಾಡಿ ನೋಡುವುದು ಯಾರ ಕೆಲಸವೂ ಆಗಿರಲಿಲ್ಲ.

ತಿದ್ದಲು ನಾಲ್ಕು ನಿಮಿಷ ಸಾಕಾಯಿತು. ಹೋಲಿಸುವ ಮೊದಲು ಆ ಹೆಸರುಗಳು ನಿಜಕ್ಕೂ ಇವೆಯೇ ಎಂದು ಕೇಳುವ ಒಂದು ಸಾಲು ಸೇರಿಸಿದಳು. ಕಂಪೈಲರು ತಕ್ಷಣ ನಿಂತಿತು. ಈ ಪ್ರೊಸೆಸರ್ ಯಾರೆಂದು ಗೊತ್ತಿಲ್ಲ, ಊಹೆ ಮಾಡಲಾರೆ. ಏಳು ವರ್ಷದಲ್ಲಿ ಮೊದಲ ಸಲ ತನ್ನ ಮಾತನ್ನೇ ಬೇರೆಯವರ ಬಾಯಲ್ಲಿ ಕೇಳಿದ ಹಾಗಾಗಿ ಅವಳಿಗೆ ನಗು ಬಂತು. ಹೊಸ ಹೆಸರುಗಳನ್ನು ಬರೆದಳು. ತಯಾರಾಯಿತು. ಬಿಸಿ ತಕ್ಕಡಿಗೆ ತುಂಬಿದಳು. ಎರಡು ಸಾವಿರ. ಊದಿದ್ದಾಯಿತು. ಎರಡು ಸಾವಿರ. ಈ ಸಲ ಡ್ರೈಯರ್ ಹಿಡಿದಿದ್ದವನು ಇಪ್ಪತ್ತೈದಣ್ಣ.

ಎರಡೂಕಾಲು ಗಂಟೆಗೆ ಫೋನು ಹಿಡಿದು ಮೆಟ್ಟಿಲ ತಿರುವಿನಲ್ಲಿ ನಿಂತಳು. ವಾರ್ಡಿಗೆ ಮಾಡಿದಳು. ನರ್ಸಮ್ಮ ಎತ್ತಿದ್ದೇ, ಮೇಡಂ ನಿಮ್ಮ ಮೆಷಿನ್ನು ಬಂದ ಮೇಲೆ ನಮ್ಮ ಕೆಲಸ ಹಗುರ ಆಗಿದೆ, ಒಂಬತ್ತು ಮಕ್ಕಳನ್ನು ಮೊದಲಿಗಿಂತ ಬೇಗ ಮನೆಗೆ ಕಳಿಸಿದ್ದೇವೆ, ನಿಮ್ಮ ತಂಗಿಗೂ ಇವತ್ತು ಐದಕ್ಕೆ ಬಿಡುಗಡೆ ಎಂದು ಒಂದೇ ಉಸಿರಿಗೆ ಹೇಳಿದಳು. ಒಂಬತ್ತು ಮಕ್ಕಳು. ಏನು ವಿಷಯ ಎಂದು ನರ್ಸಮ್ಮ ಕೇಳಿದಾಗ, ಏನಿಲ್ಲ, ಆಮೇಲೆ ಮಾಡುತ್ತೇನೆ ಎಂದು ಇಟ್ಟುಬಿಟ್ಟಳು.

ಆಮೇಲೆ ತಂಗಿಗೆ ಮಾಡಿ, ಇವತ್ತು ಹೊರಡಬೇಡ ಎಂದಳು. ಯಾಕೆ ಎಂದು ಅವರು ಕೇಳಿದರೆ ಜ್ವರ ಬಂದ ಹಾಗಿದೆ ಅನ್ನು, ತಲೆ ಸುತ್ತುತ್ತಿದೆ ಅನ್ನು, ಏನಾದರೂ ಅನ್ನು.

"ಮೆಷಿನ್ ಅಲ್ವಾ?"

"ಹ್ಞೂಂ."

"ಮತ್ತೆ ನಾನ್ಯಾಕೆ ಸುಳ್ಳು ಹೇಳ್ಬೇಕು?"

ಫೋನು ಇಟ್ಟ ಮೇಲೆ ಪುಟ್ಟಿ ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಕೆಳಗೆ ಯಾರೋ ಡಬ್ಬಗಳನ್ನು ಎಣಿಸುತ್ತಿದ್ದರು, ಮೂವತ್ತೊಂದು, ಮೂವತ್ತೆರಡು. ಅವಳು ಮೆಟ್ಟಿಲು ಇಳಿದಳು, ನಾಲ್ಕು ಇಳಿದು ನಿಂತಳು, ಮತ್ತೆ ಹತ್ತಿ ಮಾವನ ಕೋಣೆಗೆ ಹೋದಳು.

ಮಾವನಿಗೆ ಎರಡು ಕನ್ನಡಕ, ಒಂದು ಮೂಗಿನ ಮೇಲೆ, ಒಂದು ತಲೆಯ ಮೇಲೆ. ಯಾವುದು ಓದುವುದಕ್ಕೆ, ಯಾವುದು ನೋಡುವುದಕ್ಕೆ ಎಂದು ಅವನಿಗೇ ಮರೆತಿರುತ್ತಿತ್ತು. ಹತ್ತು ವರ್ಷದ ಹುಡುಗಿಯ ಕೈಯಲ್ಲಿ ಬೆಸುಗೆ ಕಡ್ಡಿ ಕೊಟ್ಟು, ಹೊಗೆ ಕುಡಿಯಬೇಡ, ಬೆರಳು ಸುಟ್ಟರೆ ಅಳಬೇಡ ಎಂದು ಕಲಿಸಿದವನು ಅವನೇ. ಅವಳು ಹೇಳುವುದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದ. ಸೊನ್ನೆಯ ವಿಷಯ ಬಂದಾಗ ಮೂಗಿನ ಮೇಲಿನ ಕನ್ನಡಕ ತೆಗೆದ. ತಿದ್ದಿದ್ದಾಯಿತೇ ಎಂದು ಕೇಳಿದ. ಆಯಿತು ಎಂದಾಗ ಉಸಿರು ಬಿಟ್ಟು ಕುರ್ಚಿಗೆ ಒರಗಿದ.

ಆಮೇಲೆ ಅವನ ತಲೆ ಚುರುಕಾಗಿ ಓಡಿತು. ವ್ಯಾನಿಗೆ ನಾಳೆ ಬಾ ಎಂದು ಆಗಲೇ ಫೋನು ಮಾಡಿದ. ನಲವತ್ತೂ ಡಬ್ಬ ಬಿಚ್ಚಿ, ಹೊಸ ಪ್ರೋಗ್ರಾಂ ತುಂಬಿ, ಎಲ್ಲವನ್ನೂ ಬಿಸಿ ಮಾಡಿಯೇ ನೋಡಬೇಕು, ಇನ್ನು ಮುಂದೆ ಇದೇ ನಿಯಮ ಎಂದ. ಪುಟ್ಟಿಯ ಭುಜ ಸ್ವಲ್ಪ ಸಡಿಲವಾಯಿತು. ಇವನು ನಮ್ಮ ಮಾವ ಅಂದುಕೊಂಡಳು.

"ಆಸ್ಪತ್ರೆಯ ಆರು?" ಎಂದಳು.

ಅದನ್ನೂ ಯೋಚಿಸಿದ್ದ. ಅವಳು ಹೇಗೂ ದಿನಾ ಹೋಗುತ್ತಾಳೆ. ಈಗಲೇ ಕೇಬಲು ತಗೊಂಡು ಹೋದರೆ ಒಂದೊಂದಕ್ಕೆ ಐದು ನಿಮಿಷ. ಇದು ಮಾಮೂಲಿ ಸರ್ವೀಸು. ನಾಳೆಯಿಂದ ತಕ್ಕಡಿ ನಿಜ ಹೇಳುತ್ತದೆ, ನರ್ಸಮ್ಮನ ಕೈ ತಾನಾಗಿ ಚಮಚಕ್ಕೆ ಹೋಗುತ್ತದೆ. ತಂಗಿ ಮನೆಗೆ ಬರಲಿ, ಒಂದು ಸರಿಯಾದ ತಕ್ಕಡಿ ಮನೆಗೇ ತಂದಿಡೋಣ.

"ನಮ್ಮ ಕೂಸು ನಮ್ಮ ಕಣ್ಣೆದುರಿಗೇ ಇರುತ್ತಲ್ಲ ಪುಟ್ಟಿ. ನಾನೇ ತೂಗ್ತೀನಿ, ದಿನಕ್ಕೆ ಹತ್ತು ಸಲ."

"ಬಾಕಿ ಒಂಬತ್ತು?"

"ಅವ್ರ ಅಮ್ಮಂದ್ರಿಗೂ ಕಣ್ಣಿದೆ. ಅತ್ರೆ ಕೊಡ್ತಾರೆ."

"ನಿದ್ದೆ ಮಾಡೋ ಮಕ್ಕಳು ಅಳಲ್ಲ ಮಾವ. ನಾನು ಬೆಳಿಗ್ಗೆ ನೋಡ್ದೆ. ಸಾಕಷ್ಟು ಕುಡೀತಿದೆ ಅಂತ ಬರೆದು ಕಳಿಸಿದ್ದಾರೆ. ಅಮ್ಮಂದ್ರು ಚೀಟಿ ನಂಬ್ತಾರೆ."

ಮಾವ ತಲೆಯ ಮೇಲಿನ ಕನ್ನಡಕವನ್ನೂ ತೆಗೆದು ಮೇಜಿನ ಮೇಲಿಟ್ಟ. ಎರಡೂ ಇಲ್ಲದ ಅವನ ಮುಖ ಬೇರೆ ಯಾರದೋ ಹಾಗೆ ಕಂಡಿತು, ಕಣ್ಣಿನ ಸುತ್ತ ಬೆಳ್ಳಗೆ. ಹೇಳಿದರೆ ಏನಾಗುತ್ತದೆ ಎಂದು ಅವನು ನಿಧಾನವಾಗಿ ಬಿಡಿಸಿ ಹೇಳಿದ. ಆರು ತಕ್ಕಡಿಯೂ ಬಾಗಿಲ ಹೊರಗೆ ಬರುತ್ತವೆ. ನಲವತ್ತು ಅಂಗಳದಲ್ಲೇ ಕೊಳೆಯುತ್ತವೆ. ಕೂಸು ತೂಗುವ ಕಡೆ ಒಮ್ಮೆ ಹೆಸರು ಕೆಟ್ಟರೆ ತರಕಾರಿ ತೂಗುವ ಕಡೆಯೂ ಯಾರೂ ಕರೆಯುವುದಿಲ್ಲ. ಇಪ್ಪತ್ತೈದಣ್ಣನನ್ನು ಈ ವಯಸ್ಸಿನಲ್ಲಿ ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ. ಆಮೇಲೆ ದನಿ ತಗ್ಗಿಸಿ, ಆ ಫೈಲಿನ ತಲೆಯ ಮೇಲೆ ನಿನ್ನ ಹೆಸರಿದೆ, ನನ್ನದಲ್ಲ ಎಂದ. ಹೆದರಿಸುವುದಕ್ಕೆ ಹೇಳಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಅವನು ಅವಳನ್ನು ಉಳಿಸಲು ನೋಡುತ್ತಿದ್ದ.

ಜ್ವರ ಅನ್ನು, ತಲೆಸುತ್ತು ಅನ್ನು. ಅರ್ಧ ಗಂಟೆಯ ಹಿಂದೆ ಅವಳೂ ಇದನ್ನೇ ಮಾಡಿದ್ದಳು, ಇನ್ನೂ ಚಿಕ್ಕದಾಗಿ, ಇನ್ನೂ ಅವಸರವಾಗಿ. ಗೊತ್ತಿಲ್ಲದ್ದಕ್ಕೆ ಸೊನ್ನೆ ಎಂದುಕೊಂಡು ಮುಂದೆ ಹೋಗುವುದು ಕಂಪೈಲರಿಗೆ ನಿಯಮ. ಅದಕ್ಕೆ ಬೇರೆ ದಾರಿ ಇಲ್ಲ. ಅವಳಿಗಾದರೆ ಗೊತ್ತಿತ್ತು.

ಗಡಿಯಾರ ಮೂರಕ್ಕೆ ಹತ್ತು ಕಡಿಮೆ ತೋರಿಸುತ್ತಿತ್ತು. ಮಾವ ಡ್ರಾಯರು ಎಳೆದು ಸರ್ವೀಸಿನ ಹಳದಿ ಚೀಟಿಗಳ ಕಟ್ಟು ತೆಗೆದ. ಆರು ತಕ್ಕಡಿಗಳ ಸಂಖ್ಯೆಯನ್ನು ನೆನಪಿನಿಂದಲೇ ಬರೆದ, ಕಾರಣ ಎಂಬಲ್ಲಿ 'ಮಾಮೂಲಿ ತಪಾಸಣೆ' ಎಂದು ಬರೆದ. ಅವನ ಅಕ್ಷರ ಯಾವಾಗಲೂ ಹಾಗೇ ದುಂಡಗೆ. ಹಿಂದೆ ಕೆಟ್ಟ ಅಂಕಿಗಳ ವಿಷಯ ಎಂದಾದರೂ ಎದ್ದರೆ ಚಿಪ್ಪು ಕಳಿಸಿದವರ ಕಡೆ ಬೆರಳು ತೋರಿಸಿದರಾಯಿತು, ಅವರಿಗೆ ನಮ್ಮ ಮಾತು ಸೊಳ್ಳೆ ಕಚ್ಚಿದಷ್ಟೂ ಅಲ್ಲ ಎಂದು ಬರೆಯುತ್ತಲೇ ಹೇಳಿದ. ಕೊನೆಗೆ ಚೀಟಿ ಹರಿದು, ಸುರುಳಿ ಸುತ್ತಿದ ಕೇಬಲಿನ ಜೊತೆ ಅವಳ ಮುಂದಿಟ್ಟ. ಮೇಲೆ ತನ್ನ ಪೆನ್ನು ಇಟ್ಟ, ಮುಚ್ಚಳ ತೆಗೆದು.

"ಇಲ್ಲಿ ಕೆಳಗೆ ಒಂದು ಸಹಿ ಹಾಕು. ಬಾಕಿದು ನನಗಿರಲಿ. ನಿನ್ನ ಮೇಲೆ ಒಂದು ಹನಿ ಬೀಳೋಕೆ ಬಿಡಲ್ಲ ನಾನು."

ಪುಟ್ಟಿ ಕೇಬಲು ಎತ್ತಿ ಚೀಲಕ್ಕೆ ಹಾಕಿಕೊಂಡಳು. ಮಾವನ ಮುಖ ಅರಳಿತು. ಅವಳು ಫೋನು ತೆಗೆದು ವಾರ್ಡಿನ ಸಂಖ್ಯೆ ಒತ್ತಿ ಕಿವಿಗಿಟ್ಟಳು. ಆಚೆ ಗಂಟೆ ಹೊಡೆಯತೊಡಗಿತು. ಇನ್ನೊಂದು ಕೈಯಿಂದ ಹಳದಿ ಚೀಟಿಯನ್ನು, ಅದರ ಮೇಲಿದ್ದ ಪೆನ್ನಿನ ಸಮೇತ, ಮೇಜಿನ ಆಚೆ ತುದಿಗೆ ನೂಕಿದಳು.

"ಹಾಕಲ್ಲ, ಮಾವ."